ಕುಂಚಕ್ಕೂ ವಯಸ್ಸಿದೆ: ಗೋಡೆಚಿತ್ರ ಬರೆಯುವವರಿಗೆ ಬ್ರಷ್ ಕೈಪಿಡಿ

ಕ್ಯಾನ್ವಾಸಿನ ಮೇಲೆ ವರ್ಷಗಟ್ಟಲೆ ಬಾಳುವ ಬ್ರಷ್ಷು ಸಿಮೆಂಟು ಗೋಡೆಗೆ ಸಿಕ್ಕರೆ ಒಂದೇ ವಾರದಲ್ಲಿ ಮೊಂಡಾಗಬಹುದು. ಗೋಡೆಚಿತ್ರಕ್ಕೆ ಹೊಸದಾಗಿ ಕೈ ಹಾಕಿದವರು ಇದನ್ನು ಕಂಡು ಗಾಬರಿಯಾಗಿ, ಮುಂದಿನ ಸಲ ಅಗ್ಗದ ಬ್ರಷ್ಷುಗಳ ಕಟ್ಟು ತಂದು, ಬಳಸಿ ಬಿಸಾಡುವ ರೂಢಿಗೆ ಬೀಳುತ್ತಾರೆ. ಅದರಿಂದ ದುಡ್ಡೂ ಹಾಳು, ಚಿತ್ರವೂ ಹಾಳು: ಉದುರಿದ ಕೂದಲು ಬಣ್ಣದೊಳಗೆ ಅಂಟಿ ಕೂರುತ್ತದೆ, ಗೆರೆಯ ಅಂಚು ನೇರ ನಿಲ್ಲುವುದಿಲ್ಲ. ಬ್ರಷ್ಷು ಸವೆಯುವುದನ್ನು ಯಾರೂ ತಡೆಯಲಾರರು. ಅದು ಯಾವ ಕೆಲಸದಲ್ಲಿ ಸವೆಯಬೇಕು ಎಂಬುದನ್ನು ಮಾತ್ರ ನಾವು ಗೊತ್ತು ಮಾಡಬಹುದು. ಹೊಸದಿದ್ದಾಗ ಅಂಚು ಮತ್ತು ಗೆರೆ, ನಡುವಯಸ್ಸಿನಲ್ಲಿ ಬಣ್ಣ ತುಂಬುವುದು, ಮೊಂಡಾದ ಮೇಲೆ ಗೋಡೆಯ ಗುಂಡಿಗಳಿಗೆ ಬಣ್ಣ ಕುಕ್ಕುವುದು. ಹೀಗೆ ವಯಸ್ಸಿಗೆ ತಕ್ಕ ಕೆಲಸ ಕೊಟ್ಟರೆ ಒಂದೇ ಬ್ರಷ್ಷು ಹಲವು ಗೋಡೆಗಳನ್ನು ಕಾಣುತ್ತದೆ.

ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಮೈಸೂರು, ಮಂಡ್ಯ ಕಡೆಯ ಒಂದು ಸಾಮಾನ್ಯ ಶಾಲಾ ಗೋಡೆ: 10 ಅಡಿ ಎತ್ತರ, 20 ಅಡಿ ಉದ್ದ, ಒಟ್ಟು 200 ಚದರ ಅಡಿ. ಬಣ್ಣ, ನೀರು ಬೆರೆಸಿ ಬಳಸುವ ಎಕ್ಸ್‌ಟೀರಿಯರ್ ಎಮಲ್ಷನ್. ಎಣ್ಣೆ ಆಧಾರದ ಎನಾಮೆಲ್ ಬಳಸುವವರಿಗೆ ಬೇಕಾದ ಮಾತು ಮುಂದೆ ಬರುತ್ತದೆ.

ಬ್ರಷ್ಷನ್ನು ಕೊಲ್ಲುವ ಮೂರು ಸಂಗತಿಗಳು

ಮೊದಲನೆಯದು ಮರಳು. ಕಾವೇರಿ ಹೊಳೆಯ ಮರಳಿನ ಕಣ ನೀರಿನಲ್ಲಿ ಉರುಳಿ ಉರುಳಿ ದುಂಡಗಾಗಿರುತ್ತದೆ. ಈಗ ಹೆಚ್ಚಿನ ಗಾರೆ ಕೆಲಸಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿ ತೆಗೆದದ್ದು, ಕಣಕಣಕ್ಕೂ ಚೂಪು ಮೂಲೆ. ಅಂಥ ಬೋಳು ಗೋಡೆಯ ಮೇಲೆ ಬ್ರಷ್ಷು ಎಳೆಯುವುದೂ ಒಂದೇ, ಉಪ್ಪು ಕಾಗದಕ್ಕೆ ಉಜ್ಜುವುದೂ ಒಂದೇ.

ಎರಡನೆಯದು ಕ್ಷಾರ. ಹೊಸ ಸಿಮೆಂಟಿನಲ್ಲೂ ಸುಣ್ಣದಲ್ಲೂ ಕ್ಷಾರ ಜೋರಾಗಿರುತ್ತದೆ. ಹಂದಿಯ ಬಿರುಗೂದಲಾಗಲಿ ಅಳಿಲಿನ ಕೂದಲಾಗಲಿ, ಪ್ರಾಣಿಯ ಕೂದಲೆಲ್ಲ ನಮ್ಮ ತಲೆಗೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನು. ಕ್ಷಾರ ಅದನ್ನು ಮೆತ್ತಗೆ ಮಾಡಿ ತಿಂದುಹಾಕುತ್ತದೆ.

ಮೂರನೆಯದು ಬುಡದಲ್ಲಿ ಒಣಗಿದ ಬಣ್ಣ. ಗೋಡೆಯ ತಪ್ಪೆಂದು ನಾವು ದೂರುವ ಎಷ್ಟೋ ಬ್ರಷ್ಷುಗಳು ಸತ್ತಿರುವುದು ಇದರಿಂದ. ಬಾಯಿ ಬಿಟ್ಟುಕೊಂಡ ಹಳೆಯ ಬ್ರಷ್ಷೊಂದನ್ನು ಬೆಳಕಿಗೆ ಹಿಡಿದು, ತಗಡಿನ ಪಟ್ಟಿಯ ಹತ್ತಿರ ಕೂದಲನ್ನು ಎರಡು ಹೆಬ್ಬೆರಳಿನಿಂದ ಸೀಳಿ ನೋಡಿ. ಒಳಗೆ ನೀಲಿ, ಅದರ ಮೇಲೆ ಹಳದಿ, ಮೇಲೆ ಕಾವಿ ಕೆಂಪು, ಹೀಗೆ ಪದರ ಪದರವಾಗಿ ಪ್ಲಾಸ್ಟಿಕ್ಕಿನಂಥ ಗಟ್ಟಿ ಚೂರು ಕೂತಿರುತ್ತದೆ. ಮರ ಸೀಳಲು ಹೊಡೆದ ಬೆಣೆಯ ಹಾಗೆ ಅದು ಕೂದಲನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ತುದಿ ಎಷ್ಟು ಚೆನ್ನಾಗಿದ್ದರೂ ಆ ಬ್ರಷ್ಷು ಮತ್ತೆ ಕೂಡಿಕೊಳ್ಳುವುದಿಲ್ಲ.

ಹಂತ 1: ಗೋಡೆಯನ್ನು ಸಿದ್ಧಗೊಳಿಸಿ

ಬ್ರಷ್ಷಿನ ಆರೈಕೆ ಗೋಡೆಯಿಂದಲೇ ಶುರು. ಹೊಸ ಗಾರೆಯಾದರೆ ನೀರುಣಿಸಿ ಕನಿಷ್ಠ 28 ದಿನ ಕಳೆಯುವವರೆಗೆ ಬಣ್ಣ ಮುಟ್ಟಿಸಬೇಡಿ. ಆಮೇಲೆ ತಂತಿ ಬ್ರಷ್ಷಿನಿಂದ ಸಡಿಲ ಕಣ ಕೆರೆದು, 80 ನಂಬರಿನ ಉಪ್ಪು ಕಾಗದ ಹೊಡೆದು, ಧೂಳು ಒರೆಸಿ. ಹೊರಗೋಡೆಗೆ ಬಿಳಿ ಸಿಮೆಂಟಿನ ಪುಟ್ಟಿ ಎರಡು ತೆಳು ಕೋಟು. ಒಣಗಿದ ಮೇಲೆ 120ರಿಂದ 180 ನಂಬರಿನ ಕಾಗದ, ಮತ್ತೆ ಧೂಳು ಒರೆಸಿ ಒಂದು ಕೋಟು ಎಕ್ಸ್‌ಟೀರಿಯರ್ ಪ್ರೈಮರ್. ಕಾಗದ ಹೊಡೆಯುವಾಗ ಮೂಗಿಗೆ ಮಾಸ್ಕ್ ಇರಲೇಬೇಕು.

ನುಣುಪು ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಅಂಗೈಯನ್ನು ನಂಬಬೇಡಿ. ಹಳೆಯ ನೈಲಾನ್ ಕಾಲುಚೀಲವನ್ನು ಕೈಗೆ ತೊಟ್ಟು ಗೋಡೆಯ ಮೇಲೆ ಮೆಲ್ಲಗೆ ಸವರಿ. ನೂಲು ಎಲ್ಲಿ ಸಿಕ್ಕಿ ಎಳೆಯುತ್ತದೋ ಅಲ್ಲೇ ಬ್ರಷ್ಷಿನ ತುದಿಯೂ ಹರಿಯುತ್ತದೆ. ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಮತ್ತೊಮ್ಮೆ ಕಾಗದ ಹೊಡೆಯಿರಿ. ಇಡೀ ಗೋಡೆ ನುಣ್ಣಗಾಗಲೇಬೇಕೆಂದಿಲ್ಲ. ಮುಖ, ಕೈಬೆರಳು, ಅಕ್ಷರ ಬರುವ ಜಾಗವಂತೂ ನುಣ್ಣಗಿರಲೇಬೇಕು.

ಗೋಡೆಯ ಮೇಲೆ ಎಷ್ಟು ಸೂಕ್ಷ್ಮ ಕೆಲಸ ಆಗುತ್ತದೆ ಎಂದು ನೋಡಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಸಾಲು ಸಾಲು ಸೈನಿಕರು, ಕುದುರೆಗಳು, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೈಲಿ. ದೂರದಿಂದಲೇ ನಿಂತು ಗೆರೆಗಳನ್ನು ಗಮನಿಸಿ, ಗೋಡೆ ಮುಟ್ಟಬೇಡಿ. ಅಷ್ಟು ಸಣ್ಣ ಗೆರೆ ಒರಟು ಗಾರೆಯ ಮೇಲೆ ಏಳುವುದೇ ಇಲ್ಲ.

ಅಗ್ರಹಾರದಂಥ ಹಳೆಯ ಬೀದಿಗಳ ಮನೆಗಳಲ್ಲಿ ಸುಣ್ಣದ ಗೋಡೆ ಸಿಗುತ್ತದೆ. ಅಂಗೈ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ, ಅದೇ ಪುಡಿ ಬ್ರಷ್ಷಿಗೂ ಹತ್ತಿ, ಬಣ್ಣದ ಡಬ್ಬಿಗೂ ಇಳಿದು, ಬುಡದಲ್ಲಿ ಗಂಟು ಕಟ್ಟುತ್ತದೆ. ಸಡಿಲ ಪದರ ಕೆರೆದು, ತೊಳೆದು, ಪೂರ್ತಿ ಒಣಗಲು ಬಿಡಿ. ಹಳೆಯ ಸುಣ್ಣದ ಗಾರೆ ಉಸಿರಾಡುವಂಥದ್ದು. ಅದರ ಮೇಲೆ ದಪ್ಪ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ. ಅಲ್ಲಿ ಸುಣ್ಣಕ್ಕೇ ಖನಿಜ ಬಣ್ಣ ಬೆರೆಸಿ ಬರೆಯುವುದು ಮೇಲು. ಆಗ ಪ್ರಾಣಿಗೂದಲಿನ ಬ್ರಷ್ಷು ಪೆಟ್ಟಿಗೆಯಲ್ಲೇ ಇರಲಿ. ನೈಲಾನ್ ಅಥವಾ ಕತ್ತಾಳೆ ನಾರಿನ ಬ್ರಷ್ಷು ಕ್ಷಾರ ತಾಳುತ್ತದೆ.

ಸೈಜುಗಲ್ಲಿನ ಕಾಂಪೌಂಡು ಸಿಕ್ಕರೆ ಸೂಕ್ಷ್ಮ ಚಿತ್ರದ ಆಸೆ ಬಿಡಿ. ಉದ್ದ ಜೂಲಿನ ರೋಲರಿನಿಂದ ಬಣ್ಣ ಹತ್ತಿಸಿ, ಸಂದುಗಳಿಗೆ ಮೊಂಡು ಬ್ರಷ್ಷು ಬಳಸಿ.

ಹಂತ 2: ಏನೇನು ಕೊಳ್ಳಬೇಕು

200 ಚದರ ಅಡಿಗೆ ಒಬ್ಬರ ಕೈಗೆ ಇಷ್ಟು ಸಾಕು:

- 9 ಇಂಚಿನ ರೋಲರ್ 1, ಹಿನ್ನೆಲೆಗೆ
- 3 ಇಂಚಿನ ಚಪ್ಪಟೆ ಬ್ರಷ್ 1, 2 ಇಂಚಿನದು 2
- 1 ಇಂಚಿನ ಚಪ್ಪಟೆ ಬ್ರಷ್ 3
- ಕಲಾವಿದರ ಫ್ಲಾಟ್ (ಚಪ್ಪಟೆ ತುದಿ): 12ನೇ ನಂಬರಿನದು 2, 8ನೇ ನಂಬರಿನದು 2
- ರೌಂಡ್ (ದುಂಡು ತುದಿ): 10ನೇ ನಂಬರಿನದು 1, 6ನೇ ನಂಬರಿನದು 2
- ಗೆರೆ ಎಳೆಯಲು ಉದ್ದ ಕೂದಲಿನ ಲೈನರ್: 2ನೇ ನಂಬರಿನದು 2
- ಈಗಾಗಲೇ ಮೊಂಡಾದ ಬಿರುಗೂದಲಿನ ಬ್ರಷ್ಷು ಎರಡು

ಹಿನ್ನೆಲೆಯನ್ನು ಬ್ರಷ್ಷಿನಲ್ಲೇ ಮುಗಿಸುವ ಹಟ ಬೇಡ. ಬ್ರಷ್ಷು ಸವೆಯುವುದು ಅದು ಗೋಡೆಯ ಮೇಲೆ ನಡೆದ ದೂರದ ಲೆಕ್ಕದಲ್ಲಿ. ಆ ದೂರದ ದೊಡ್ಡ ಪಾಲನ್ನು ರೋಲರಿಗೆ ವಹಿಸಿ.

ಕೂದಲಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಎಮಲ್ಷನ್ನಿಗೆ ನೈಲಾನ್ ಮತ್ತು ಪಾಲಿಯೆಸ್ಟರ್ ಬೆರಸಿದ ಬ್ರಷ್ಷೇ ಸರಿ. ನೈಲಾನ್ ಉಜ್ಜಾಟ ತಾಳುತ್ತದೆ, ಪಾಲಿಯೆಸ್ಟರ್ ಬಿಸಿಲಲ್ಲೂ ನೀರಲ್ಲೂ ಬಿಗಿ ಬಿಡುವುದಿಲ್ಲ. ಹಂದಿಯ ಬಿರುಗೂದಲು ನೀರು ಕುಡಿದು ಉಬ್ಬಿ ಒಂದೆರಡು ಗಂಟೆಯಲ್ಲಿ ಜೋಲು ಬೀಳುತ್ತದೆ. ಅದರ ಜಾಗ ಎನಾಮೆಲ್, ಎಣ್ಣೆ ಬಣ್ಣ.

ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಅಳಿಲಿನ ಕೂದಲಿನ ಕುಂಚದಿಂದ ಗೆರೆ ಎಳೆಯುವ ಪರಂಪರೆ ದೊಡ್ಡದು. ಆ ನಯ ಹಲಗೆ, ಕಾಗದದ ಮೇಲೆ ಚೆಂದ. ಸಿಮೆಂಟು ಗೋಡೆಗೆ ಒಯ್ದರೆ ಆ ಮೆತ್ತನೆ ತುದಿ ಒಂದು ಗಂಟೆಯೂ ಉಳಿಯದು. ಮುಂಗುಸಿ ಕೂದಲಿನ ಬ್ರಷ್ಷನ್ನಂತೂ ಯಾರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ. ಒಂದೇ ಕೂದಲಿನಲ್ಲಿ ನಸುಹಳದಿ, ಕಡುಕಂದು ಪಟ್ಟೆ ಕಂಡರೆ ಅನುಮಾನ ಪಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ರಕ್ಷಿತ ಪ್ರಾಣಿ, ಅದರ ಕೂದಲಿನ ವ್ಯಾಪಾರ ಅಪರಾಧ. ಒಂದು ಹಿಡಿ ಬ್ರಷ್ಷಿಗಾಗಿ ಪ್ರಾಣಿಗಳನ್ನು ಕೊಲ್ಲುತ್ತಾರೆ. ಒಳ್ಳೆಯ ಸಿಂಥೆಟಿಕ್ ಲೈನರ್ ಅದೇ ಗೆರೆ ಕೊಡುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಕೂದಲನ್ನು ಅಂಗೈ ಮೇಲೆ ಒತ್ತಿ ಬಗ್ಗಿಸಿ ಬಿಟ್ಟಾಗ ನೆಟ್ಟಗೆ ಎದ್ದು ನಿಲ್ಲಬೇಕು. ತುದಿಯನ್ನು ಬೀಸಣಿಗೆಯಂತೆ ಬಿಡಿಸಿ ಮೆಲ್ಲಗೆ ಎಳೆಯಿರಿ. ಒಂದೆರಡು ಕೂದಲು ಬಂದರೆ ಸಹಜ, ಏಳೆಂಟು ಬಂದರೆ ವಾಪಸ್ ಇಟ್ಟುಬಿಡಿ. ಕೂದಲು ಬಿಡಿಸಿ ಬುಡ ನೋಡಿ, ನಡುವೆ ಇರುವ ಮರದ ತುಂಡು ತೀರಾ ದಪ್ಪವಾಗಿದ್ದರೆ ಕೂದಲು ಕಡಿಮೆ ಹಾಕಿದ್ದಾರೆಂದು ಅರ್ಥ. ತಗಡನ್ನು ಹಿಡಿದು ಹಿಡಿಕೆಯನ್ನು ತಿರುಗಿಸಿ, ಅಲುಗಾಡಬಾರದು. ರೌಂಡ್ ಮತ್ತು ಲೈನರನ್ನು ಒದ್ದೆ ಮಾಡಿ ಜಾಡಿಸಿ. ತುದಿ ತಾನಾಗಿ ಒಂದೇ ಮೊನೆಯಾಗಿ ಕೂಡಬೇಕು.

ಹಂತ 3: ಮೊದಲ ದಿನ

ಹೊಸ ರೌಂಡ್ ಬ್ರಷ್ಷಿನ ತುದಿಗೆ ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಅದನ್ನು ಬೆರಳಿನಿಂದ ಮುರಿಯಬೇಡಿ, ಕೂದಲೂ ಮುರಿಯುತ್ತದೆ. ತಣ್ಣೀರಿನಲ್ಲಿ ಐದು ನಿಮಿಷ ಆಡಿಸಿದರೆ ಅಂಟು ಕರಗುತ್ತದೆ. ಚಪ್ಪಟೆ ಬ್ರಷ್ಷನ್ನು ಅಂಗೈಗೆ ಬಡಿದು, ಬಾಚಣಿಗೆಯಿಂದ ಬಾಚಿ, ಸೋಪಿನಲ್ಲಿ ತೊಳೆದು ಒಣಗಿಸಿ. 3 ಇಂಚಿನದನ್ನು ಮೊದಲು ಪ್ರೈಮರಿಗೇ ಬಳಸಿ. ಉದುರುವ ಕೂದಲು ಅಲ್ಲೇ ಉದುರಲಿ, ಒಣಗಿದ ಮೇಲೆ ಕಾಗದ ಹೊಡೆದರೆ ಹೋಗುತ್ತದೆ. ಹಿಡಿಕೆಯ ಮೇಲೆ ಮೊದಲ ಬಳಕೆಯ ತಿಂಗಳು, ವರ್ಷ ಬರೆದಿಡಿ. ಮುಂದೆ ಯಾವ ಬ್ರಷ್ಷಿಗೆ ಯಾವ ಕೆಲಸ ಎಂದು ಗೊತ್ತುಮಾಡುವಾಗ ಈ ಗುರುತು ಉಪಯೋಗಕ್ಕೆ ಬರುತ್ತದೆ.

ಹಂತ 4: ಗೋಡೆಯ ಮುಂದೆ

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕಡೆ ಗೋಡೆಚಿತ್ರಕ್ಕೆ ಒಳ್ಳೆಯ ಕಾಲ. ದಸರಾ ಮುಂಚಿನ ಕೆಲಸಗಳಿಗೆ ಮಳೆಯ ಕಾಟ, ಮಾರ್ಚ್ ಏಪ್ರಿಲ್ ಕೆಲಸಗಳಿಗೆ ಬಿಸಿಲಿನ ಕಾಟ. ಬೇಸಿಗೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯನ್ನು ಬೆಳಿಗ್ಗೆ ಬರೆಯಿರಿ, ಪೂರ್ವದ್ದನ್ನು ಮಧ್ಯಾಹ್ನದ ಮೇಲೆ. ಕಾದ ಗೋಡೆಗೆ ತಾಗಿದೊಡನೆ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗಿ ಸಿಪ್ಪೆ ಕಟ್ಟುತ್ತದೆ.

ಬಣ್ಣಕ್ಕೆ ಅದ್ದುವ ಮುಂಚೆ ಬ್ರಷ್ಷನ್ನು ನೀರಿಗೆ ಅದ್ದಿ ಚೆನ್ನಾಗಿ ಹಿಂಡಿ. ಬುಡದಲ್ಲಿ ನೀರಿದ್ದರೆ ಬಣ್ಣ ಅಲ್ಲಿಗೆ ಬೇಗ ಏರುವುದಿಲ್ಲ. ಈ ಹತ್ತು ಸೆಕೆಂಡಿನ ಕೆಲಸ ಬಿಟ್ಟವರ ಬ್ರಷ್ಷೇ ಮೊದಲು ಬಾಯಿ ಬಿಡುವುದು. ಆಮೇಲೆ ಕೂದಲಿನ ಉದ್ದದಲ್ಲಿ ಮೂರನೇ ಒಂದು ಭಾಗ ಮಾತ್ರ ಬಣ್ಣಕ್ಕೆ ಇಳಿಸಿ. ಡಬ್ಬಿಯ ಒಳಗೋಡೆಗೆ ಎರಡು ಸಲ ತಟ್ಟಿ. ಅಂಚಿಗೆ ಒರೆಸಿದರೆ ತುಂಬಿಕೊಂಡ ಬಣ್ಣ ಖಾಲಿಯಾಗುವುದಲ್ಲದೆ ಒಂದು ಬದಿ ಸವೆಯುತ್ತದೆ. ಡಬ್ಬಿಯಿಂದಲೇ ಅದ್ದುವ ಬದಲು ಒಂದಿಷ್ಟು ಬಣ್ಣವನ್ನು ಚಿಕ್ಕ ಪಾತ್ರೆಗೆ ಬಗ್ಗಿಸಿಕೊಳ್ಳಿ, ಆಳ ಎರಡು ಬೆರಳಿಗಿಂತ ಹೆಚ್ಚು ಬೇಡ. ಆಗ ಮರೆತರೂ ಬ್ರಷ್ಷು ತಗಡಿನವರೆಗೆ ಮುಳುಗುವುದಿಲ್ಲ.

ಬಣ್ಣ ತುಂಬುವಾಗ ಲೀಟರಿಗೆ 100ರಿಂದ 150 ಮಿಲಿ ನೀರು, ಗೆರೆಗೆ ಹಾಲಿನ ಹದ ಬರುವಷ್ಟು. ಡಬ್ಬಿಯ ಮೇಲೆ ಹೇಳಿದ ಮಿತಿ ಮೀರಿದರೆ ಅಂಟು ತೆಳುವಾಗಿ ಬಣ್ಣ ಮುಂದೆ ಪುಡಿಯಾಗಿ ಏಳುತ್ತದೆ. ದಪ್ಪ ಬಣ್ಣದಲ್ಲಿ ಉದ್ದ ಗೆರೆ ಎಳೆಯಲು ಹೋದರೆ ಕೈ ತಾನಾಗಿ ಒತ್ತುತ್ತದೆ. ಒತ್ತಿದಷ್ಟೂ ತುದಿ ಸವೆಯುತ್ತದೆ.

ಬ್ರಷ್ಷನ್ನು ಯಾವಾಗಲೂ ಎಳೆಯಿರಿ, ತಳ್ಳಬೇಡಿ. ತಳ್ಳಿದಾಗ ಕೂದಲು ಬುಡದಲ್ಲೇ ಮಡಚಿ ಮುರಿಯುತ್ತದೆ. ಚಪ್ಪಟೆ ಬ್ರಷ್ಷನ್ನು ಆಗಾಗ ಮಗುಚಿ ಹಿಡಿದರೆ ಎರಡೂ ಬದಿ ಸಮನಾಗಿ ಸವೆಯುತ್ತವೆ. ಅಂಚು ಕೊಡುವ ಬ್ರಷ್ಷಿನಿಂದ ಎಂದೂ ಗುಂಡಿ ತುಂಬಬೇಡಿ. ಬಣ್ಣ ಸೇರದ ಬಿಳಿ ಚುಕ್ಕೆ ಕಂಡಾಗ ಕೈಯಲ್ಲಿರುವುದರಿಂದಲೇ ಕುಕ್ಕಿಬಿಡುವ ಮನಸ್ಸಾಗುತ್ತದೆ. ಅದಕ್ಕೆಂದೇ ಮೊಂಡು ಬ್ರಷ್ಷು ಸೊಂಟದ ಚೀಲದಲ್ಲಿರಲಿ.

ಅರ್ಧ ಗಂಟೆಗೊಮ್ಮೆ ಬ್ರಷ್ಷನ್ನು ನೀರಿನಲ್ಲಿ ಆಡಿಸಿ ಹಿಂಡಿ. ಟೀ ಕುಡಿಯಲು ಹೋಗುವಾಗ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಮಲಗಿಸಿಡಿ. ನೀರಿನ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಬೇಡಿ: ಮೈಭಾರಕ್ಕೆ ತುದಿ ಬಾಗುತ್ತದೆ, ಹಿಡಿಕೆಯ ಮರ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ತಗಡು ಸಡಿಲಾಗುತ್ತದೆ.

ಹಂತ 5: ತೊಳೆಯುವುದು

ಕೆಲಸ ಮುಗಿದ ಹದಿನೈದು ನಿಮಿಷದೊಳಗೆ ತೊಳೆಯಲು ಕೂರಬೇಕು. ಮೊದಲು ಹಳೆಯ ಪೇಪರಿನ ಮೇಲೆ ಬುಡದಿಂದ ತುದಿಯ ಕಡೆಗೆ ಒತ್ತಿ ಒರೆಸಿ ಬಣ್ಣ ತೆಗೆಯಿರಿ. ನಂತರ ಮೂರು ಬಕೆಟ್: ಮೊದಲನೆಯದರಲ್ಲಿ ಒರಟು ತೊಳೆತ, ಎರಡನೆಯದರಲ್ಲಿ ಸೋಪು, ಮೂರನೆಯದರಲ್ಲಿ ತಿಳಿನೀರು. ಅಂಗೈಯಲ್ಲಿ ಸೋಪಿನ ನೊರೆ ಮಾಡಿಕೊಂಡು ಬ್ರಷ್ಷನ್ನು ಅಲ್ಲಿ ಆಡಿಸುತ್ತ, ಹೆಬ್ಬೆರಳಿನಿಂದ ತಗಡಿನ ಅಂಚಿನ ಕೂದಲನ್ನು ಮಸಾಜು ಮಾಡಿದ ಹಾಗೆ ಒತ್ತಿ. ಬಣ್ಣ ನಿಂತಿತು ಅನಿಸಿದ ಮೇಲೂ ಬುಡದಿಂದ ಇನ್ನೊಂದು ಸುತ್ತು ಬರುತ್ತದೆ. ನೊರೆ ಬೆಳ್ಳಗಾಗುವವರೆಗೆ ಬಿಡಬೇಡಿ. ಚಪ್ಪಟೆ ಬ್ರಷ್ಷಿಗೆ ಬಾಚಣಿಗೆ ಹಾಕಿ. ನಲ್ಲಿಗೆ ಹಿಡಿಯುವಾಗ ಕೂದಲು ಕೆಳಮುಖವಾಗಿರಲಿ. ಮೇಲ್ಮುಖವಾಗಿ ಹಿಡಿದರೆ ನೀರೇ ಬಣ್ಣವನ್ನು ತಗಡಿನೊಳಕ್ಕೆ ತಳ್ಳುತ್ತದೆ.

ಸೋಪು ಮೆತ್ತನೆಯದಿರಲಿ. ಅಂಟುವಾಳದ ನೀರು ಪ್ರಾಣಿಗೂದಲಿಗೆ ಬಲು ಒಳ್ಳೆಯದು. ಬಟ್ಟೆ ಒಗೆಯುವ ಸೋಪಿನ ಪುಡಿ ಬೇಡ, ಅದೂ ಕ್ಷಾರವೇ. ಬಿಸಿನೀರೂ ಬೇಡ, ತಗಡಿನೊಳಗಿನ ಅಂಟು ಸಡಿಲಾಗುತ್ತದೆ.

ತೊಳೆದ ನೀರನ್ನು ಮೋರಿಗೆ, ಕೆರೆಗೆ, ನಾಲೆಗೆ ಚೆಲ್ಲಬೇಡಿ. ಮಂಡ್ಯದ ಕಡೆ ಅದೇ ನಾಲೆಯ ನೀರು ಕಬ್ಬಿಗೂ ಭತ್ತಕ್ಕೂ ಹೋಗುತ್ತದೆ. ಪೇಪರಿಗೆ ಮೊದಲೇ ಒರೆಸಿದ್ದರೆ ನೀರಿಗೆ ಇಳಿಯುವ ಬಣ್ಣವೇ ಕಡಿಮೆ. ಉಳಿದದ್ದು ಬಕೆಟ್ಟಿನಲ್ಲಿ ರಾತ್ರಿ ತಂಗಲಿ, ತಳದ ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ಎನಾಮೆಲ್ ಬಳಸಿದ್ದರೆ ಟರ್ಪೆಂಟೈನಿನಲ್ಲಿ ಎರಡು ಸುತ್ತು, ಆಮೇಲೆ ಸೋಪು. ಎಣ್ಣೆ ಬಣ್ಣ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದುಂಟು. ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿಡಿ.

ಒಣಗಿಸುವುದು, ಎತ್ತಿಡುವುದು

ನೀರು ಜಾಡಿಸಿ, ತುದಿಯನ್ನು ಬೆರಳಿನಿಂದ ತಿದ್ದಿ, ಕೂದಲು ಕೆಳಗೆ ಬರುವಂತೆ ನೇತುಹಾಕಿ ಅಥವಾ ಮಲಗಿಸಿ. ನೆರಳು ಸಾಕು. ಪೂರ್ತಿ ಒಣಗಿದ ಮೇಲಷ್ಟೇ ನೆಟ್ಟಗೆ ನಿಲ್ಲಿಸಬಹುದು. ಚಪ್ಪಟೆ ಬ್ರಷ್ಷಿಗೆ ದಪ್ಪ ಕಾಗದದ ಕವಚ ಸುತ್ತಿ. ಮಳೆಗಾಲದಲ್ಲಿ ಹಸಿಯಾಗಿ ಪೆಟ್ಟಿಗೆಗೆ ಹಾಕಿದ ಪ್ರಾಣಿಗೂದಲಿಗೆ ಬೂಷ್ಟು ಹಿಡಿಯುತ್ತದೆ. ಒಣಗಿದ್ದಕ್ಕೂ ಹುಳ ಬೀಳುತ್ತದೆ, ನುಸಿಗುಳಿಗೆ ಹಾಕಿಡಿ. ಬಿರುಗೂದಲಿಗೆ ಒಂದು ಹನಿ ಎಣ್ಣೆ ಸವರುವ ರೂಢಿ ಎಣ್ಣೆ ಬಣ್ಣದವರಿಗೆ ಸರಿ. ಎಮಲ್ಷನ್ ಬ್ರಷ್ಷಿಗೆ ಎಣ್ಣೆ ತಾಗಿಸಬೇಡಿ, ಮುಂದಿನ ಗೋಡೆಯಲ್ಲಿ ಬಣ್ಣ ಹಿಡಿಯದೆ ಅಲ್ಲಲ್ಲಿ ದುಂಡನೆ ಖಾಲಿ ಚುಕ್ಕೆ ಬಿಡುತ್ತದೆ.

ಕೆಟ್ಟಾಗ ಏನು ಮಾಡಬೇಕು

ತುದಿ ಬಾಗಿದ ಸಿಂಥೆಟಿಕ್ ಬ್ರಷ್ಷು: ಕುದಿದು ಒಂದೆರಡು ನಿಮಿಷ ಆರಿದ ನೀರಿಗೆ ಕೂದಲಿನ ತುದಿಯರ್ಧವನ್ನಷ್ಟೇ ಐದಾರು ಸೆಕೆಂಡು ಅದ್ದಿ, ಬೆರಳಿನಿಂದ ನೇರ ಮಾಡಿ, ತಣ್ಣೀರಿಗೆ ಇಳಿಸಿ. ಶಾಖಕ್ಕೆ ಮೆತ್ತಗಾದ ನೈಲಾನ್ ತಣಿದಾಗ ಹೊಸ ಆಕಾರಕ್ಕೆ ಕೂರುತ್ತದೆ. ತಗಡಿಗೆ ಬಿಸಿ ತಾಗಬಾರದು. ಪ್ರಾಣಿಗೂದಲಿಗೆ ಈ ಉಪಾಯ ನಡೆಯುವುದಿಲ್ಲ.

ಎಮಲ್ಷನ್ ಒಣಗಿ ಕಟ್ಟಿಗೆಯಾದ ಬ್ರಷ್ಷಿಗೆ ನೀರು ಏನೂ ಮಾಡದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕೂದಲು ಮಾತ್ರ ಮುಳುಗುವಂತೆ ಅರ್ಧ ಗಂಟೆ ಇಟ್ಟು, ಮೆತ್ತಗಾದ ಬಣ್ಣವನ್ನು ಬಾಚಣಿಗೆಯಿಂದ ತೆಗೆದು, ಮತ್ತೆ ಇಡಿ. ಒಲೆ, ಬೀಡಿ, ದೀಪ ಹತ್ತಿರವಿರಬಾರದು. ಹಿಡಿಕೆಗೆ ಬಳಿದ ಬಣ್ಣವೂ ಏಳಬಹುದು, ಗಾಬರಿ ಬೇಡ.

ತಗಡು ಅಲುಗಾಡಿದರೆ ಎರಡು ದಿನ ಒಣಗಿಸಿ, ಹಿಡಿಕೆ ಎಳೆದು ಎಪಾಕ್ಸಿ ಹಚ್ಚಿ ಕೂರಿಸಿ. ನಡುವೆ ಸೀಳು ಬಿಟ್ಟು ಎರಡು ಕವಲಾದದ್ದು ಬುಡದಲ್ಲಿ ಬಣ್ಣ ಇದೆ ಎಂಬುದರ ಗುರುತು. ಆಲ್ಕೊಹಾಲಿಗೂ ಬಗ್ಗದಿದ್ದರೆ ಅದಕ್ಕೆ ಅಂಚಿನ ಕೆಲಸ ಮುಗಿಯಿತು. ಕತ್ತರಿಯಿಂದ ತುದಿ ಸಮ ಮಾಡಲು ಹೋಗಬೇಡಿ. ಕೂದಲಿನ ತುದಿ ತಯಾರಾಗುವಾಗಲೇ ಸಣ್ಣದಾಗಿ ಇಳಿದಿರುತ್ತದೆ ಇಲ್ಲವೇ ಸೀಳಿರುತ್ತದೆ, ಬಣ್ಣ ನಯವಾಗಿ ಹರಡುವುದು ಅದರಿಂದ. ಕತ್ತರಿಸಿದ ಮೊಂಡು ತುದಿ ಗೀರು ಗೀರಾಗಿ ಬಳಿಯುತ್ತದೆ.

ಮೊಂಡಾದ ಮೇಲೆ

ಗೀರು ಗೀರಾಗಿ ಬಳಿಯುವ ಗುಣವೇ ಬೇಕಾಗುವ ಕೆಲಸಗಳಿವೆ, ಮೈಸೂರಿನ ಗೋಡೆಗಳಲ್ಲಿ ಪದೇಪದೇ ಬರೆಯುವ ಅಂಬಾರಿ ಆನೆಯೇ ಅದಕ್ಕೆ ಸಾಕ್ಷಿ. ಹೊಸ ಬ್ರಷ್ಷಿನಲ್ಲಿ ಬರೆದ ಆನೆಯ ಮೈ ಪ್ಲಾಸ್ಟಿಕ್ ಬೊಂಬೆಯಂತೆ ನುಣ್ಣಗೆ ಕೂರುತ್ತದೆ. ಮೊದಲು ಕಡು ಬೂದುಬಣ್ಣ ತುಂಬಿ ಪೂರ್ತಿ ಒಣಗಲು ಬಿಡಿ. ತಿಳಿ ಬೂದಿಗೆ ಚಿಟಿಕೆ ಕಾವಿ ಬೆರೆಸಿ, ನೀರು ಹಾಕದೆ, ಒಣಗಿದ 2 ಇಂಚಿನ ಮೊಂಡು ಬ್ರಷ್ಷಿನ ತುದಿಗೆ ಹತ್ತಿಸಿ. ಪೇಪರಿಗೆ ಒರೆಸುತ್ತ ಹೋಗಿ, ಬಣ್ಣ ಹೆಚ್ಚೂಕಡಿಮೆ ಮುಗಿಯಿತು ಅನ್ನುವಾಗ ಗೋಡೆಗೆ ತನ್ನಿ. ಸೊಂಡಿಲಿಗೆ ಅಡ್ಡ ಬಿಲ್ಲುಗೆರೆ, ಮೊಣಕಾಲಿನ ಮಡಿಕೆಗೆ ಚಿಕ್ಕ ಚಿಕ್ಕ ಎಳೆತ, ಕಿವಿಗೆ ಬುಡದಿಂದ ಅಂಚಿನ ಕಡೆ ಬೀಸು. ಸವೆದು ಏರುಪೇರಾದ ಕೂದಲು ಒಂದೊಂದೂ ಬೇರೆ ಬೇರೆ ಗೀರು ಬಿಟ್ಟು, ಚರ್ಮದ ಸುಕ್ಕು ಎದ್ದು ನಿಲ್ಲುತ್ತದೆ. ಗೋಡೆಯ ಒರಟೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಆಮೇಲೆ ಜೂಲಿನ ಕಸೂತಿ, ಗಂಟೆ, ಹಣೆಯ ಚಿತ್ತಾರಕ್ಕೆ ಹೊಸ ಲೈನರ್ ತೆಗೆಯಿರಿ.

ಇದೇ ಮೊಂಡು ಬ್ರಷ್ಷು ಮರದ ಎಲೆಗೊಂಚಲಿಗೆ, ಕಬ್ಬಿನ ಗದ್ದೆಯ ದೂರದ ಹಸಿರಿಗೆ, ಹಳೆಯ ಕಲ್ಲಿನ ಮೈಗೆ ಒದಗುತ್ತದೆ. ಕೂದಲು ಅರ್ಧ ಇಂಚಿಗೆ ಇಳಿದ ಮೇಲೆ ಗೋಡೆಯ ಸಂದುಗಳ ಧೂಳು ತೆಗೆಯಲು ಬಳಸಿ. ಅದೂ ಮುಗಿದರೆ ತಗಡು ಕಿತ್ತು, ಹಿಡಿಕೆಯನ್ನು ಬಣ್ಣ ಕಲಕಲು ಡಬ್ಬಿಯ ಪಕ್ಕದಲ್ಲಿಡಿ.